ದಿಬ್ಬಕ್ಕೆ ಯಾವ ರಾಗಿ, ತಗ್ಗಿಗೆ ಯಾವುದು?

ಯಾವ ರಾಗಿ ತಳಿ ಒಳ್ಳೇದು ಅಂತ ಯಾರಾದರೂ ಕೇಳಿದರೆ, ಮಣ್ಣು ಎಂಥದ್ದು, ಯಾವ ಮಳೆಗೆ ಬಿತ್ತುತ್ತೀರಿ ಅಂತ ನಾನೇ ತಿರುಗಿ ಕೇಳುತ್ತೇನೆ. ಎಂಆರ್-6, ಜಿಪಿಯು-28, ಎಂಎಲ್-365 ಅನ್ನುವ ಮೂರು ರಾಗಿ ತಳಿಗಳನ್ನೂ ಪಕ್ಕಪಕ್ಕದಲ್ಲೇ ಬಿತ್ತಿ ನೋಡಿದ್ದೇನೆ. ದಿಬ್ಬದ ಗರಸು (ಕಲ್ಲುಹರಳಿನ) ಮಣ್ಣಿನಲ್ಲೂ, ತಗ್ಗಿನ ಆಳವಾದ ಕೆಮ್ಮಣ್ಣಿನಲ್ಲೂ. ಎಲ್ಲಾ ಮಳೆ ನಂಬಿಕೊಂಡೇ. ಒಂದು ಕಡೆ ಗೆದ್ದದ್ದು ಇನ್ನೊಂದು ಕಡೆ ಕೊನೆಗೆ ನಿಂತಿತು.

ತಗ್ಗಿನಲ್ಲಿ ಎಂಆರ್-6ಕ್ಕೆ ಸಾಟಿ ಇಲ್ಲ. 120ರಿಂದ 130 ದಿನ ತೆಗೆದುಕೊಳ್ಳುವ ತಳಿ. ಪುನರ್ವಸು ಮಳೆಗೆ (ಜುಲೈ ಮೊದಲರ್ಧ) ಬಿದ್ದ ಬೀಜ ಚೆನ್ನಾಗಿ ತೆಂಡೆ ಒಡೆಯಿತು, ಅಂದರೆ ಬುಡದಿಂದ ಮರಿಪೈರು ಹೊರಟವು. ಆಗಸ್ಟ್ ಕೊನೆಯ ಮಘೆ ಕೈಕೊಟ್ಟಾಗ ಪೈರು ಬಾಡಿತಾದರೂ ಅದರ ಹಿಂದಿನ ಹುಬ್ಬೆ ಮಳೆಗೆ ಸುಧಾರಿಸಿಕೊಂಡಿತು. ಅವಧಿ ಜಾಸ್ತಿ ಇರುವ ತಳಿಗೆ ಇದೇ ಅನುಕೂಲ. ಮೊದಲರ್ಧದಲ್ಲಿ ಮಳೆ ಹೋದರೂ ಮತ್ತೆ ಚಿಗುರೋಕೆ ಸಮಯ ಸಿಗುತ್ತದೆ.

ಅದೇ ಬೀಜ ದಿಬ್ಬದಲ್ಲಿ ನೆಲ ಕಚ್ಚಿತು. ಅಕ್ಟೋಬರ್ ಹೊತ್ತಿನ ಹಸ್ತ, ಚಿತ್ತೆ ಮಳೆ ಎರಡೂ ಸರಿಯಾಗಿ ಬರಲಿಲ್ಲ. ಎಂಆರ್-6 ಆಗಷ್ಟೇ ತೆನೆ ಹೊರಗೆ ಹಾಕುತ್ತಿತ್ತು. ಗರಸಿನಲ್ಲಿ ಹದ ಎಷ್ಟು ದಿನ ನಿಲ್ಲುತ್ತೆ ಹೇಳಿ? ಎಷ್ಟೋ ತೆನೆಗಳು ಗರಿಯೊಳಗೇ ಅರ್ಧ ಸಿಕ್ಕಿಕೊಂಡವು. ಹೊರಬಂದದ್ದನ್ನು ಅಂಗೈಯಲ್ಲಿ ಉಜ್ಜಿ ಊದಿದರೆ ಹೊಟ್ಟೆಲ್ಲಾ ಹಾರಿ ನಾಲ್ಕು ಸುಕ್ಕಲು ಕಾಳು ಉಳಿಯುತ್ತಿದ್ದವು. ಪಕ್ಕದ ಸಾಲಿನ ಎಂಎಲ್-365ರಲ್ಲಿ ಅಷ್ಟು ಹೊತ್ತಿಗೆ ಹಾಲು ತುಂಬಿ ಕಾಳು ಗಟ್ಟಿಯಾಗುತ್ತಿತ್ತು. 105–110 ದಿನದ ತಳಿ ಅದು. ಬರ ತಡೆಯುತ್ತದೆ ಅಂತ ಹೆಸರು ಬೇರೆ ಇದೆ. ನನಗನ್ನಿಸುವುದು, ಆ ಹೆಸರಿನಲ್ಲಿ ಅರ್ಧ ಪಾಲು ಬೇಗ ಹೂ ಬಿಡುವುದಕ್ಕೇ ಸಲ್ಲಬೇಕು. ಬರ ಬರುವಷ್ಟರಲ್ಲಿ ಅದರ ಮುಖ್ಯ ಕೆಲಸ ಮುಗಿದಿರುತ್ತದೆ. ಹುಲ್ಲೂ ಚೆನ್ನಾಗಿ ಬರುತ್ತದೆ, ದನ ಕಟ್ಟಿದವರಿಗೆ ಅದು ಸಣ್ಣ ಮಾತಲ್ಲ.

ಇನ್ನು ಜಿಪಿಯು-28. ಎಲ್ಲೂ ಮೊದಲು ಬರಲಿಲ್ಲ, ಎಲ್ಲೂ ಕೊನೆಗೂ ಹೋಗಲಿಲ್ಲ. 110–115 ದಿನ. ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಮಂಡ್ಯದಲ್ಲಿ ಭಾರತದ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಬೆಳೆಸಿದ ಇಂಡಾಫ್ ತಳಿಗಳ ವಂಶದ್ದು ಇದು. ಇದರ ಬೆಲೆ ಗೊತ್ತಾಗುವುದು ಮೋಡ ಮುಚ್ಚಿ ಜಿಟಿಜಿಟಿ ಮಳೆ ಹಿಡಿದಾಗ. ಬದುವಿನ ಆಚೆ ಹಾಕಿದ್ದ ಹಳೇ ಬೀಜಕ್ಕೆ ಬೆಂಕಿ ರೋಗ ಬಂದು ತೆನೆಯ ಕುತ್ತಿಗೆ ಕಪ್ಪಾಯಿತು, ಇಲುಕುಗಳು (ತೆನೆಯ ಬೆರಳುಗಳು) ಒಣಗಿದವು. ಈಚೆ ಜಿಪಿಯು-28 ಹಸಿರಾಗೇ ನಿಂತಿತ್ತು.

ಸರಾಸರಿ ಇಳುವರಿ ನೋಡಿ ತಳಿ ಆರಿಸಿದರೆ ಇದೊಂದೂ ಕಾಣಿಸುವುದಿಲ್ಲ. 1963ರಲ್ಲಿ ಫಿನ್ಲೆ ಮತ್ತು ವಿಲ್ಕಿನ್ಸನ್ ಅನ್ನುವ ವಿಜ್ಞಾನಿಗಳು ಆಸ್ಟ್ರೇಲಿಯಾದಲ್ಲಿ ಬೆಳೆದು ನೋಡಿದ ಬಾರ್ಲಿ ತಳಿಗಳಿಗೆ ಒಂದು ಲೆಕ್ಕ ಹಾಕಿದ್ದರು. ಒಂದು ಜಾಗದಲ್ಲಿ ಎಲ್ಲಾ ತಳಿಗಳ ಸರಾಸರಿ ಎಷ್ಟು, ಅದರ ಎದುರು ಈ ತಳಿ ಎಷ್ಟು ಕೊಟ್ಟಿತು ಅಂತ. ಜಾಗ ಸುಧಾರಿಸಿದ ಹಾಗೆ ಇಳುವರಿ ಜಿಗಿಯುವ ತಳಿಗಳು ಬೇರೆ, ಜಾಗ ಹೇಗಿದ್ದರೂ ಜಾಸ್ತಿ ಏರಿಳಿಯದವು ಬೇರೆ. ನಾವೂ ಒಂದು ನೋಟ್‌ಬುಕ್ಕಿನಲ್ಲಿ ಇದನ್ನು ಬರೆದಿಟ್ಟುಕೊಳ್ಳಬಹುದು, ಕಷ್ಟ ಏನಿಲ್ಲ. ನನ್ನ ಲೆಕ್ಕದಲ್ಲಿ ಎಂಆರ್-6 ಜಿಗಿಯುವ ಜಾತಿ, ಜಿಪಿಯು-28 ಏರಿಳಿಯದ ಜಾತಿ.

ಈಗ ದಿಬ್ಬಕ್ಕೆ ಎಂಎಲ್-365 ಹಾಕುತ್ತೇನೆ. ತಗ್ಗಿಗೆ ಎಂಆರ್-6, ಅದೂ ಪುಷ್ಯ ಮಳೆ ಮುಗಿಯುವುದರೊಳಗೆ (ಆಗಸ್ಟ್ ಶುರುವಿನೊಳಗೆ) ಬಿತ್ತನೆ ಆದರೆ ಮಾತ್ರ. ಆಶ್ಲೇಷಕ್ಕೆ ಹೋಯಿತೆಂದರೆ ತಗ್ಗಿಗೂ ಜಿಪಿಯು-28. ಮಘೆವರೆಗೂ ಎಳೆದರೆ 95–100 ದಿನದ ಜಿಪಿಯು-48, ಬೇರೆ ಯೋಚನೆಯೇ ಬೇಡ. ಒಂದೇ ಹೊಲ, ಒಂದೇ ಚೀಲ ಬೀಜ, ಮಳೆಯ ಗ್ಯಾರಂಟಿ ಇಲ್ಲ ಅನ್ನುವವರು ಸುಮ್ನೆ ತಲೆ ಕೆಡಿಸಿಕೊಳ್ಳದೆ ಜಿಪಿಯು-28 ತಗೊಳ್ಳಿ.