ಲಾಸ್ ವೇಗಸ್‌ನಿಂದ ಬಾಡಿಗೆ ಆರ್‌ವಿ: ಯೂಟಾ ಸುತ್ತೋಕೆ ತಗೋಬಹುದಾ?

ಮೊದಲೇ ಹೇಳಿಬಿಡುತ್ತೇನೆ. ಹೊಟೇಲ್ ಖರ್ಚು ಉಳಿಯುತ್ತದೆ ಅನ್ನೋ ಲೆಕ್ಕದಲ್ಲಿ ಆರ್‌ವಿ (ಹಾಸಿಗೆ, ಒಲೆ, ಟಾಯ್ಲೆಟ್ ಎಲ್ಲ ಇರುವ ಓಡುವ ಮನೆ) ನೋಡುತ್ತಿದ್ದರೆ ಬೇಡ. ಕಾರು ತಗೊಂಡು ಮೋಟೆಲ್‌ನಲ್ಲಿ ಉಳಿಯಿರಿ, ದುಡ್ಡೂ ಉಳಿಯುತ್ತದೆ, ಬೆನ್ನೂ ಉಳಿಯುತ್ತದೆ. ಸಂಜೆ ಐದಕ್ಕೆ ಒಂದು ಕಡೆ ಗಾಡಿ ನಿಲ್ಲಿಸಿ, ಎದುರಿನ ಬಂಡೆ ಕೆಂಪಾಗುವುದನ್ನು ನೋಡುತ್ತಾ ಈರುಳ್ಳಿ ಹೆಚ್ಚಿಕೊಂಡು ಕೂರುವ ಆಸೆ ಇದ್ದರೆ ಮಾತ್ರ ಮುಂದೆ ಓದಿ.

ನಾವು ಐದು ಜನ, ಕಾಲೇಜಿನ ಗೆಳೆಯರು. ಮೂವರು ಕ್ಯಾಲಿಫೋರ್ನಿಯಾದ ಬೇ ಏರಿಯಾದವರು, ಒಬ್ಬ ಡಲ್ಲಾಸ್, ಒಬ್ಬ ಬೆಂಗಳೂರಿನಿಂದ ಬಂದವನು. ಹೋಗಿದ್ದು ಸೆಪ್ಟೆಂಬರ್ ಕೊನೆಯಲ್ಲಿ. ವೇಗಸ್‌ನಲ್ಲಿ ಗಾಡಿ ತಗೊಂಡು ಝಯಾನ್, ಬ್ರೈಸ್, ಕ್ಯಾಪಿಟಲ್ ರೀಫ್ ಎಂಬ ಮೂರು ನ್ಯಾಷನಲ್ ಪಾರ್ಕು, ಆಮೇಲೆ ಮೋಆಬ್ ಊರು, ಮಾನ್ಯುಮೆಂಟ್ ವ್ಯಾಲಿ, ಪೇಜ್ ಊರು ಮುಗಿಸಿ ಮತ್ತೆ ವೇಗಸ್. ಹತ್ತಿರ ಹತ್ತಿರ 1,100 ಮೈಲಿ. ಗಾಡಿ 25 ಅಡಿಯ ಕ್ಲಾಸ್ ಸಿ, ಅಂದರೆ ಫೋರ್ಡ್ ವ್ಯಾನಿನ ಮುಂಭಾಗ, ಹಿಂದೆ ಪೆಟ್ಟಿಗೆಯಂಥ ಮನೆ, ಡ್ರೈವರ್ ತಲೆ ಮೇಲೊಂದು ಹಾಸಿಗೆ. ಇದಕ್ಕೆ ವಿಶೇಷ ಲೈಸೆನ್ಸ್ ಬೇಡ, ಮಾಮೂಲಿ ಕಾರ್ ಲೈಸೆನ್ಸ್ ಸಾಕು. ಕಂಪನಿಯ ಹೆಸರು ಬರೆಯುವುದಿಲ್ಲ. ಇಲ್ಲಿ ಹೇಳುವ ತಾಪತ್ರಯಗಳಲ್ಲಿ ಅರ್ಧಕ್ಕರ್ಧ ಯಾವ ಕಂಪನಿಯ ಗಾಡಿ ತಗೊಂಡರೂ ಬರುವಂಥವೇ.

ದುಡ್ಡಿನ ವಿಷಯ ಮುಗಿಸಿಬಿಡೋಣ. ಜಾಹೀರಾತಿನಲ್ಲಿ ರಾತ್ರಿಗೆ ನೂರು ಚಿಲ್ಲರೆ ಡಾಲರ್ ಅಂತಿರುತ್ತದೆ. ಅದು ಬರೀ ಗಾಡಿಗೆ. ಮೈಲಿ ಲೆಕ್ಕ ಬೇರೆ, ಜನರೇಟರ್‌ಗೆ ಗಂಟೆ ಲೆಕ್ಕ ಬೇರೆ, ಪಾತ್ರೆ ಪಡಗ ಬೇಕೆಂದರೆ ಒಂದು ಕಿಟ್, ಹೊದಿಕೆ ದಿಂಬಿಗೆ ತಲೆಗಿಷ್ಟು ಅಂತ ಇನ್ನೊಂದು ಕಿಟ್, ಇನ್ಶೂರೆನ್ಸ್ ಮತ್ತೂ ಬೇರೆ. ಗ್ಯಾಲನ್‌ಗೆ ಒಂಬತ್ತು ಮೈಲಿ ಬಂದರೆ ಪುಣ್ಯ, ನಮಗೆ ಪೆಟ್ರೋಲ್ ಒಂದಕ್ಕೇ 400 ಡಾಲರ್ ದಾಟಿತು. ಇದರ ಮೇಲೆ ಪ್ರತಿ ರಾತ್ರಿ ಕ್ಯಾಂಪ್‌ಗ್ರೌಂಡ್ ಬಾಡಿಗೆ. ಕೊನೆಗೆ ಜಾಹೀರಾತಿನ ದರದ ಎರಡರಷ್ಟು ಆಯಿತು. ಇನ್ಶೂರೆನ್ಸ್ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು, ಛಾವಣಿಗೆ ಪೆಟ್ಟಾದರೆ ನಮ್ಮ ಜವಾಬ್ದಾರಿ ಇಲ್ಲ ಅಂತ. ಈ ಗಾಡಿ 12 ಅಡಿ ಎತ್ತರ. ಹಾಗಾಗಿ ಡ್ರೈವ್ ಥ್ರೂ ಕಾಫಿ, ತಗ್ಗು ಛಾವಣಿಯ ಹಳೇ ಪೆಟ್ರೋಲ್ ಬಂಕು, ಹೊಟೇಲಿನ ಪೋರ್ಟಿಕೋ, ರಸ್ತೆಗೆ ಬಾಗಿದ ಮರದ ಕೊಂಬೆ, ಎಲ್ಲದರ ಮೇಲೂ ಒಂದು ಕಣ್ಣಿರಬೇಕು. ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಪಕ್ಕ ಅಂಟಿಸಿಕೊಳ್ಳಿ.

ಗಾಡಿ ಕೊಡುವಾಗ ಅವರಿಗೆ ಎಲ್ಲಿಲ್ಲದ ಅವಸರ. ಒಂದು ವಿಡಿಯೋ ತೋರಿಸಿದರು, ಹುಡುಗನೊಬ್ಬ ಬಂದು ಟಪಟಪ ಅಂತ ನಾಲ್ಕು ಬಾಗಿಲು ತೆಗೆದು ಮುಚ್ಚಿದ, ಸಹಿ ಹಾಕಿಸಿಕೊಂಡು ಹೋದ. ಪಂಪ್ ಸ್ವಿಚ್ ಎಲ್ಲಿ, ವಾಟರ್ ಹೀಟರ್ ಗ್ಯಾಸ್‌ನಲ್ಲಿ ಹೇಗೆ ಹತ್ತಿಸುವುದು ಅಂತ ನಾವೇ ಕೇಳಿ ಕೇಳಿ ತಿಳಿದುಕೊಂಡೆವು. ನೀವು ಅಲ್ಲೇ ನಿಂತು ಒಲೆ ಹತ್ತಿಸಿ ನೋಡಿ, ಫ್ರಿಜ್ ಗ್ಯಾಸ್‌ನಲ್ಲಿ ಓಡುತ್ತದಾ ನೋಡಿ, ಹೀಟರ್ ಬಿಸಿ ಗಾಳಿ ಬಿಡುತ್ತದಾ ನೋಡಿ. ಹಿಂದೆ ಜನ ಕಾಯುತ್ತಿದ್ದಾರೆ ಅಂತ ಮುಲಾಜು ಬೇಡ. ಮುಖ್ಯವಾಗಿ ಕೊಳಚೆ ನೀರಿನ ಪೈಪನ್ನು ಪೂರ್ತಿ ಹೊರಗೆ ಎಳೆದು ನೋಡಿ.

ಆ ಪೈಪಿನ ಕಥೆ ಹೇಳಲೇಬೇಕು. ಗಾಡಿಯ ಅಡಿಯಲ್ಲಿ ಮೂರು ಟ್ಯಾಂಕ್ ಇರುತ್ತವೆ. ಒಂದು ಒಳ್ಳೆ ನೀರಿಗೆ, ಒಂದು ಸಿಂಕ್ ಮತ್ತು ಸ್ನಾನದ ನೀರಿಗೆ, ಇನ್ನೊಂದು ಟಾಯ್ಲೆಟ್‌ಗೆ. ಎರಡು ಮೂರು ದಿನಕ್ಕೊಮ್ಮೆ ಡಂಪ್ ಸ್ಟೇಷನ್‌ನಲ್ಲಿ ಖಾಲಿ ಮಾಡಬೇಕು. ಮೊದಲು ಟಾಯ್ಲೆಟ್ ಟ್ಯಾಂಕ್, ಆಮೇಲೆ ಸಿಂಕಿನದು, ಆಗ ಸೋಪಿನ ನೀರು ಹರಿದು ಪೈಪ್ ತಾನೇ ತೊಳೆದುಹೋಗುತ್ತದೆ. ಪೈಪಿನ ತುದಿಯಲ್ಲಿ ಪ್ಲಾಸ್ಟಿಕ್ ಕೊಕ್ಕೆಗಳಿವೆ, ಗಾಡಿಯ ಬಾಯಿಗೆ ಹಚ್ಚಿ ತಿರುಗಿಸಿದರೆ ಟಕ್ ಅಂತ ಕೂರಬೇಕು. ನಮ್ಮದರಲ್ಲಿ ಒಂದು ಕೊಕ್ಕೆ ಮುರಿದಿತ್ತು. ಕೂತ ಹಾಗೆ ಕಂಡಿತು, ವಾಲ್ವ್ ಎಳೆದ ಕೂಡಲೇ ಒಂದು ಬದಿಯಿಂದ ಚಿಮ್ಮತೊಡಗಿತು. ಡಲ್ಲಾಸ್‌ನವನು ಗ್ಲೌಸ್ ಹಾಕಿಕೊಂಡಿದ್ದರಿಂದ ಬಚಾವ್, ಶೂ ಮಾತ್ರ ಅಲ್ಲೇ ಕಸದ ಡಬ್ಬಿಗೆ ಹೋಯಿತು. ಮೋಆಬ್‌ನಲ್ಲಿ ಹೊಸ ಪೈಪ್ ಕೊಂಡೆವು. ಬಿಲ್ ಕಳಿಸಿದ್ದಕ್ಕೆ ಕಂಪನಿ ದುಡ್ಡು ವಾಪಸ್ ಕೊಟ್ಟಿತು, ಅದನ್ನೂ ಹೇಳಬೇಕು. ಶೂಗೆ ಕೊಡಲಿಲ್ಲ.

ಇನ್ನು ಓಡಿಸುವುದು. ನೇರ ರಸ್ತೆಯಲ್ಲಿ ಏನೂ ಕಷ್ಟವಿಲ್ಲ, ಅಡ್ಡಗಾಳಿ ಬಂದಾಗ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿಯಬೇಕು ಅಷ್ಟೇ. ತಿರುಗಿಸುವಾಗ ಹಿಂದಿನ ಚಕ್ರದ ಆಚೆಗಿರುವ ಬಾಲ ಎದುರು ಬದಿಗೆ ಬೀಸುತ್ತದೆ, ಬಂಕಿನ ಕಂಬಗಳಿಗೆ ಬಡಿಯುವುದು ಹೀಗೇ. ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟು ಕೂರದೆ ಕಡಿಮೆ ಗೇರಿಗೆ ಹಾಕಿ ಇಳಿಸಿ. ಹಿಂದೆ ಊಟದ ಟೇಬಲ್ ಹತ್ತಿರ ಕೂತವರಿಗೆ ಕೆಎಸ್‌ಆರ್‌ಟಿಸಿ ಕೆಂಪು ಬಸ್ಸಿನ ಕೊನೇ ಸೀಟಿನ ಸುಖ ಗ್ಯಾರಂಟಿ. ಕಪಾಟಿನ ಚಿಲಕ ಸರಿಯಾಗಿ ಹಾಕದಿದ್ದರೆ ಮೊದಲ ತಿರುವಿನಲ್ಲೇ ಉಪ್ಪಿನಕಾಯಿ ಬಾಟಲಿ ಹೊರಬರುತ್ತದೆ.

ಝಯಾನ್‌ನಲ್ಲಿ ಒಂದು ಮುಖ್ಯ ವಿಷಯ ಇದೆ. ಪಾರ್ಕಿನ ಪೂರ್ವಕ್ಕೆ ಹೋಗುವ ಸುರಂಗ 1.1 ಮೈಲಿ ಉದ್ದ, 1930ರಲ್ಲಿ ಮುಗಿದದ್ದು. ಆ ಕಾಲದ ಕಾರಿನ ಅಳತೆಗೆ ಬಂಡೆ ಕೊರೆದಿದ್ದಾರೆ. 11 ಅಡಿ 4 ಇಂಚಿಗಿಂತ ಎತ್ತರದ ಗಾಡಿ ಪಕ್ಕದಲ್ಲಿ ಹೋದರೆ ಕಮಾನಿಗೆ ತಲೆ ತಾಗುತ್ತದೆ, ನಟ್ಟನಡುವೆಯೇ ಹೋಗಬೇಕು. ನಾವು ಹೋದಾಗ 15 ಡಾಲರ್ ಕಟ್ಟಿದರೆ ಎದುರಿನ ಗಾಡಿಗಳನ್ನು ತಡೆದು ನಮ್ಮನ್ನು ಬಿಡುತ್ತಿದ್ದರು. 2026ರ ಮಧ್ಯದಿಂದ ಅಷ್ಟು ದೊಡ್ಡ ಗಾಡಿಗಳಿಗೆ ಆ ರಸ್ತೆಯೇ ಬಂದ್ ಅಂತ ಪಾರ್ಕ್ ಸರ್ವಿಸ್ ಹೇಳಿದೆ. ಬ್ರೈಸ್‌ಗೆ ಹೋಗಲು ಸುತ್ತು ಬಳಸಬೇಕು, ಪ್ಲಾನ್ ಮಾಡುವಾಗ ನೆನಪಿಡಿ. ಕಣಿವೆಯ ಒಳಗಂತೂ ಸೀಸನ್‌ನಲ್ಲಿ ಸ್ವಂತ ಗಾಡಿ ಬಿಡುವುದಿಲ್ಲ, ಎಲ್ಲರಿಗೂ ಶಟಲ್ ಬಸ್ಸೇ. ವಾಚ್‌ಮನ್ ಕ್ಯಾಂಪ್‌ಗ್ರೌಂಡಿನಲ್ಲಿ ಜಾಗ ಸಿಕ್ಕರೆ ಬಸ್ ಹತ್ತುವ ಜಾಗಕ್ಕೆ ನಡೆದೇ ಹೋಗಬಹುದು, ಅಲ್ಲಿ ಕರೆಂಟ್ ಇರುವ ಸೈಟ್‌ಗಳೂ ಇವೆ. ಆದರೆ ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಬೇಕು.

ಬ್ರೈಸ್‌ನಲ್ಲಿ ಗಾಡಿ ನಮ್ಮ ಪರೀಕ್ಷೆ ಮಾಡಿತು. ಆ ಕಣಿವೆಯ ಅಂಚು 8,000 ಅಡಿಯಿಂದ ಶುರು. ಹಗಲು ಅಂಗಿ ಸಾಕು, ರಾತ್ರಿ ಹಲ್ಲು ಕಟಕಟ. ನಾರ್ತ್ ಕ್ಯಾಂಪ್‌ಗ್ರೌಂಡಿನಲ್ಲಿ ಕರೆಂಟ್ ಕನೆಕ್ಷನ್ ಇಲ್ಲ. ಹೀಟರ್ ಗ್ಯಾಸ್‌ನಲ್ಲಿ ಉರಿಯುತ್ತದೆ ನಿಜ, ಬಿಸಿ ಗಾಳಿ ತಳ್ಳುವ ಫ್ಯಾನ್ ಮಾತ್ರ ಬ್ಯಾಟರಿಯದ್ದು. ನಮ್ಮ ಬ್ಯಾಟರಿ ಮುದುಕ. ಬೆಳಗಿನ ಜಾವ ನಾಲ್ಕಕ್ಕೆ ಫ್ಯಾನ್ ನಿಂತಿತು, ಬ್ಯಾಟರಿ ಇಳಿದಿದ್ದಕ್ಕೆ ಗ್ಯಾಸ್ ಅಲಾರಂ ಕೀಂಯ್ ಕೀಂಯ್ ಅನ್ನತೊಡಗಿತು, ರಾತ್ರಿ ಜನರೇಟರ್ ಹಾಕುವಂತಿಲ್ಲ. ಎಲ್ಲರೂ ಇದ್ದಬದ್ದ ಸ್ವೆಟರ್ ಏರಿಸಿಕೊಂಡು ಹೊರಗೆ ಬಂದೆವು. ನಕ್ಷತ್ರ ಅಂದರೆ ನಕ್ಷತ್ರ! ಕತ್ತಲೆಯನ್ನು ಕಾಪಾಡಿಕೊಂಡಿದ್ದಕ್ಕೆ ಆ ಪಾರ್ಕಿಗೆ 2019ರಲ್ಲಿ ಡಾರ್ಕ್ ಸ್ಕೈ ಮಾನ್ಯತೆ ಕೊಟ್ಟಿದ್ದಾರೆ, ಸುಮ್ನೆ ಕೊಟ್ಟಿಲ್ಲ. ಹಾಗಂತ ಬ್ಯಾಟರಿಯನ್ನು ಕ್ಷಮಿಸುವ ಮಾತಿಲ್ಲ. ಅಲ್ಲಿಗೆ ಹೋಗುವವರು ಕಂಪನಿಯ ತೆಳು ಹೊದಿಕೆ ನಂಬದೆ ನಿಮ್ಮದೇ ರಗ್ಗು ತಗೊಂಡು ಹೋಗಿ.

ಅಡುಗೆಮನೆಗೆ ಪೂರ್ತಿ ಮಾರ್ಕ್ಸ್ ಕೊಡುತ್ತೇನೆ, ಒಂದು ಷರತ್ತಿನ ಮೇಲೆ. ಒಗ್ಗರಣೆ ಹಾಕುವ ಮುಂಚೆ ಮೇಲಿನ ಫ್ಯಾನ್ ಹಾಕಿ, ಕಿಟಕಿ ತೆಗೆಯಿರಿ. ಸಾಸಿವೆ ಸಿಡಿದು ಒಣಮೆಣಸಿನಕಾಯಿ ಬಿದ್ದ ಮರುಕ್ಷಣ ಸ್ಮೋಕ್ ಅಲಾರಂ ಇಡೀ ಕ್ಯಾಂಪ್‌ಗ್ರೌಂಡಿಗೆ ಕೇಳುವ ಹಾಗೆ ಬಡಿದುಕೊಂಡಿತು, ಪಕ್ಕದ ಸೈಟಿನ ವಯಸ್ಸಾದ ದಂಪತಿ ಗಾಬರಿಯಿಂದ ಬಂದರು, ಕೊನೆಗೆ ಚಿತ್ರಾನ್ನ ತಿಂದು ರೆಸಿಪಿ ಬರೆದುಕೊಂಡು ಹೋದರು. ಕಿಟ್‌ನಲ್ಲಿ ಕೊಡುವ ಪಾತ್ರೆಗಳನ್ನು ನೆಚ್ಚಬೇಡಿ, ಒಂದು ಸಣ್ಣ ಕುಕ್ಕರ್ ಒಯ್ಯಿರಿ. 8,000 ಅಡಿ ಎತ್ತರದಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದನ್ನು ಕಾಯುತ್ತಾ ಕೂತರೆ ರಾತ್ರಿ ಆಗುತ್ತದೆ. ಫಿಲ್ಟರ್ ಕಾಫಿ ಡಿಕಾಕ್ಷನ್ ಹಿಂದಿನ ರಾತ್ರಿಯೇ ಇಳಿಸಿಡುತ್ತಿದ್ದೆವು. ಬೆಂಗಳೂರಿನವನು ತಂದಿದ್ದ ಚಟ್ನಿಪುಡಿ ಮೋಆಬ್ ತಲುಪುವಷ್ಟರಲ್ಲಿ ಖಾಲಿ.

ಬ್ರೈಸ್‌ನಿಂದ ಕ್ಯಾಪಿಟಲ್ ರೀಫ್‌ಗೆ ಹೋಗುವ ಹೈವೇ 12, ನನ್ನ ಪ್ರಕಾರ, ಇಡೀ ಪ್ರವಾಸದಲ್ಲಿ ಎಲ್ಲಕ್ಕಿಂತ ಮೇಲು. ಎಸ್ಕಲಾಂಟೆ ಮತ್ತು ಬೌಲ್ಡರ್ ಊರುಗಳ ನಡುವೆ ಹಾಗ್‌ಬ್ಯಾಕ್ ಅನ್ನುವ ಜಾಗ ಬರುತ್ತದೆ. ಬೆಟ್ಟದ ಏಣಿನ ಮೇಲೆ ಬರೀ ರಸ್ತೆ, ಎರಡೂ ಕಡೆ ಪ್ರಪಾತ, ತಡೆಗೋಡೆ ಇಲ್ಲ. ಎಂಟು ಅಡಿ ಅಗಲದ ಗಾಡಿಯಲ್ಲಿ ಕೂತವನಿಗೆ ಕೆಳಗೆ ರಸ್ತೆಯ ಅಂಚೇ ಕಾಣುವುದಿಲ್ಲ. ಪಕ್ಕದ ಸೀಟಿನವನು ಅಷ್ಟು ಹೊತ್ತೂ ಮಾತಾಡಲಿಲ್ಲ, ಅವನು ಸುಮ್ಮನಿದ್ದ ಒಂದೇ ಹೊತ್ತು ಅದು. ಆಮೇಲೆ ಬೌಲ್ಡರ್ ಬೆಟ್ಟ ಹತ್ತಿದರೆ 9,000 ಅಡಿ ಮೇಲೆ ಆಸ್ಪೆನ್ ಮರಗಳೆಲ್ಲ ಅರಿಶಿನ ಬಣ್ಣ. ಆರ್‌ವಿಗೂ ಈ ರಸ್ತೆ ಆಗುತ್ತದೆ, ನಿಧಾನ ಹೋಗಿ, ಹಿಂದೆ ಸಾಲು ಬೆಳೆದರೆ ಬದಿಗೆ ನಿಲ್ಲಿಸಿ ಬಿಡಿ.

ಕ್ಯಾಪಿಟಲ್ ರೀಫ್ ಎಲ್ಲರೂ ಹಾರಿಸಿಬಿಡುವ ಪಾರ್ಕ್, ಹಾರಿಸಬೇಡಿ. ಅಲ್ಲಿನ ಫ್ರೂಟಾ ಕ್ಯಾಂಪ್‌ಗ್ರೌಂಡ್ ಹಣ್ಣಿನ ತೋಟಗಳ ಮಧ್ಯೆ ಇದೆ. 1880ರ ದಶಕದಲ್ಲಿ ಬಂದು ನೆಲೆಸಿದ ಮಾರ್ಮನ್ ಎಂಬ ಕ್ರೈಸ್ತ ಪಂಥದ ಕುಟುಂಬಗಳು ಶುರು ಮಾಡಿದ ತೋಟ, ಈಗ ಪಾರ್ಕಿನವರು ನೋಡಿಕೊಳ್ಳುತ್ತಾರೆ. ಕೊಯ್ಯಲು ತೆರೆದಿರುವ ತೋಟದೊಳಗೆ ತಿಂದಷ್ಟು ಪುಕ್ಕಟೆ, ಹೊರಗೆ ಒಯ್ದರೆ ತೂಕ ಮಾಡಿ ದುಡ್ಡು ಹಾಕಬೇಕು. ಏಣಿ ಹತ್ತಿ ಸೇಬು ಕಿತ್ತೆವು. ಜಿಂಕೆಗಳು ನಮ್ಮ ಗಾಡಿಯ ಪಕ್ಕದಲ್ಲೇ ಬಿದ್ದ ಹಣ್ಣು ತಿನ್ನುತ್ತಿದ್ದವು. ಕಾರಿನವರು ಮಧ್ಯಾಹ್ನ ಬಂದು ಫೋಟೋ ತೆಗೆದು ಸಂಜೆಯೊಳಗೆ ಹೊರಟರು, ನಮಗೆ ಎಲ್ಲಿಗೂ ಹೋಗುವುದಿರಲಿಲ್ಲ. ಆರ್‌ವಿ ಬಾಡಿಗೆ ವಸೂಲಾಗುವುದು ಇಂಥ ಜಾಗದಲ್ಲಿ. ದಿನಕ್ಕೆ 300 ಮೈಲಿ ಓಡಿಸುವ ಪ್ಲಾನ್ ಹಾಕಿಕೊಂಡವರಿಗೆ ಇದು ದಕ್ಕುವುದಿಲ್ಲ.

ಮೋಆಬ್‌ನ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಒಂದೇ ಮಾತು ಸೇರಿಸುತ್ತೇನೆ. ಊರೊಳಗಿನ ಆರ್‌ವಿ ಪಾರ್ಕ್ ಬದಲು ಡೆಡ್ ಹಾರ್ಸ್ ಪಾಯಿಂಟ್ ಸ್ಟೇಟ್ ಪಾರ್ಕಿನಲ್ಲಿ ಉಳಿಯಿರಿ. ಕಾಲ ಬುಡದಲ್ಲಿ 2,000 ಅಡಿ ಕೆಳಗೆ ಕೊಲರಾಡೋ ನದಿ ಸುತ್ತು ಹಾಕುತ್ತದೆ. ಸೈಟ್‌ನಲ್ಲಿ ಕರೆಂಟ್ ಇದೆ, ನೀರಿಲ್ಲ. ಇರುವ ನೀರನ್ನೂ ಲಾರಿಯಲ್ಲಿ ತರಿಸುತ್ತಾರೆ. ಮೋಆಬ್‌ನಲ್ಲೇ ಟ್ಯಾಂಕ್ ತುಂಬಿಸಿಕೊಂಡು ಹತ್ತಿ.

ದಕ್ಷಿಣಕ್ಕೆ ಹೋಗುವಾಗ ಮ್ಯಾಪ್ ನಿಮಗೆ ಮೋಕಿ ಡಗ್‌ವೇ ತೋರಿಸಬಹುದು. ಜಲ್ಲಿ ರಸ್ತೆ, ಕಡಿದಾದ ತಿರುವುಗಳು. ಬಾಡಿಗೆ ಕರಾರಿನಲ್ಲಿ ಡಾಂಬರಿಲ್ಲದ ರಸ್ತೆಗೆ ಅನುಮತಿಯೇ ಇರುವುದಿಲ್ಲ. ಬೇಸಿಗೆಯಲ್ಲಿ ಡೆತ್ ವ್ಯಾಲಿಗೂ ಹಲವು ಕಂಪನಿಗಳು ಬಿಡುವುದಿಲ್ಲ. ನಾವು ಬ್ಲಫ್, ಮೆಕ್ಸಿಕನ್ ಹ್ಯಾಟ್ ಮೇಲೆ ಹೋದೆವು. ಮಾನ್ಯುಮೆಂಟ್ ವ್ಯಾಲಿ ಅಲ್ಲಿನ ಮೂಲನಿವಾಸಿಗಳಾದ ನವಾಹೋ ಜನರ ಪಾರ್ಕ್. ಒಳಗಿನ 17 ಮೈಲಿ ಮಣ್ಣಿನ ದಾರಿಗೆ ಆರ್‌ವಿ ಬಿಡುವುದಿಲ್ಲ, ನವಾಹೋ ಗೈಡ್‌ನ ಜೀಪಿನಲ್ಲಿ ಹೋಗಬೇಕು. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಇನ್ನೊಂದು ಗಮ್ಮತ್ತು ಏನಪ್ಪಾ ಅಂದರೆ ಗಡಿಯಾರ. ಬೇಸಿಗೆ ಬಂದರೆ ಗಡಿಯಾರ ಒಂದು ಗಂಟೆ ಮುಂದಿಡುವ ಪದ್ಧತಿ ಅರಿಜೋನಾದಲ್ಲಿ ಇಲ್ಲ, ಅದೇ ರಾಜ್ಯದ ಒಳಗಿರುವ ನವಾಹೋ ಸೀಮೆಯಲ್ಲಿ ಇದೆ. ಪೇಜ್ ಊರು ಅರಿಜೋನಾ ಸಮಯದ್ದು. ಫೋನ್ ಯಾವ ಟವರ್ ಸಿಕ್ಕಿತೋ ಆ ಸಮಯ ತೋರಿಸುತ್ತದೆ. ಪೇಜ್ ಪಕ್ಕದ ಆಂಟಲೋಪ್ ಕ್ಯಾನ್ಯನ್ ಕಣಿವೆಯ ಟೂರ್ ಬುಕ್ ಮಾಡಿದ್ದರೆ ಫೋನ್ ನಂಬಬೇಡಿ, ಬುಕ್ ಮಾಡಿದವರನ್ನೇ ಕೇಳಿ.

ಗಾಡಿ ವಾಪಸ್ ಕೊಡುವುದು ಮಾತ್ರ ಸಲೀಸಾಗಿ ಆಯಿತು. ಟ್ಯಾಂಕ್ ಖಾಲಿ ಮಾಡಿ, ಗುಡಿಸಿ, ಪೆಟ್ರೋಲ್ ತುಂಬಿಸಿ ಕೊಟ್ಟೆವು. ಡಿಪಾಸಿಟ್‌ನಲ್ಲಿ ಒಂದು ಡಾಲರ್ ಹಿಡಿಯಲಿಲ್ಲ. ಮತ್ತೆ ತಗೊಳ್ಳುತ್ತೇನಾ? ಐದು ಜನ ಇದ್ದರೆ ಇದನ್ನೇ, ಇಬ್ಬರೇ ಆದರೆ ಸಣ್ಣ ಕ್ಯಾಂಪರ್ ವ್ಯಾನ್.

ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ ಅಂತ ಆಗಲೇ ಇಬ್ಬರು ಕೇಳಿದರು. ಹೋಗಬಹುದು, ಆದರೆ ಮಂಡಿ ನೋವಿದ್ದವರಿಗೆ ಗಾಡಿಯ ಮೆಟ್ಟಿಲೇ ಎತ್ತರ, ಹಿಂದಿನ ಹಾಸಿಗೆ ಅವರಿಗೆ ಬಿಟ್ಟುಕೊಡಿ, ಮೇಲಿನದಕ್ಕೆ ನೀವು ಹತ್ತಿ. ಪಾರ್ಕ್ ಪಾಸಿನ ಲೆಕ್ಕವೂ 2026ರಿಂದ ಬದಲಾಗಿದೆ. ಅಮೆರಿಕದಲ್ಲಿ ವಾಸ ಇರುವವರಿಗೆ ವರ್ಷದ ಪಾಸ್ 80 ಡಾಲರ್, ಹೊರದೇಶದಿಂದ ಬಂದವರಿಗೆ 250. ಪಾಸ್ ಇಲ್ಲದೆ ಹೋದರೆ ಝಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನ್ಯನ್ ಸೇರಿ 11 ಪಾರ್ಕುಗಳಲ್ಲಿ ಹೊರದೇಶದವರಿಗೆ ತಲೆಗೆ 100 ಡಾಲರ್ ಜಾಸ್ತಿ. ನಿಮ್ಮ ಪ್ಲಾನಿನಲ್ಲಿ ಇವುಗಳಲ್ಲಿ ಎರಡು ಇದ್ದು, ಜೊತೆಗೆ ಅಪ್ಪ ಅಮ್ಮ ಇಬ್ಬರೂ ಇದ್ದರೆ 250ರ ಪಾಸೇ ಅಗ್ಗ ಬೀಳುತ್ತದೆ.