ಕೈ ಕಸಿಯಲ್ಲಿ ರಿಜೆಕ್ಷನ್ ಪತ್ತೆಗೆ ರಕ್ತಪರೀಕ್ಷೆ: ದಾನಿ ಡಿಎನ್‌ಎ ಶೇಕಡಾವಾರನ್ನು ಎಷ್ಟು ನಂಬಬಹುದು?

ಕಸಿ ಮಾಡಿದ ಕೈಯಲ್ಲಿ ರಿಜೆಕ್ಷನ್ (ದೇಹ ಕಸಿಯನ್ನು ಪರಕೀಯವೆಂದು ದಾಳಿ ಮಾಡುವುದು) ಶುರುವಾಗಿದೆಯೇ ಎಂಬ ಪ್ರಶ್ನೆಗೆ ಇಂದಿಗೂ ಕೊನೆಯ ಮಾತು ಚರ್ಮದ ಬಯಾಪ್ಸಿಯದ್ದೇ. 4 ಮಿ.ಮೀ. ಪಂಚ್‌ನಿಂದ ತೆಗೆದ ಚೂರನ್ನು ಬ್ಯಾನ್ಫ್ 2007 ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ 0ಯಿಂದ (ರಿಜೆಕ್ಷನ್ ಇಲ್ಲ) 4ರವರೆಗೆ (ಅತಿ ತೀವ್ರ) ದರ್ಜೆ ಕೊಟ್ಟು ಓದುತ್ತಾರೆ. ಚರ್ಮ ಕತ್ತರಿಸದೆ ಒಂದು ಟ್ಯೂಬ್ ರಕ್ತದಲ್ಲೇ ಉತ್ತರ ಸಿಕ್ಕೀತು ಎಂಬ ಆಸೆ ಹುಟ್ಟಿಸುವ ಪರೀಕ್ಷೆಗಳು ಈಗ ಹಲವಿವೆ. ಅವುಗಳಲ್ಲಿ ಹೆಚ್ಚು ಸದ್ದು ಮಾಡುತ್ತಿರುವುದು ದಾನಿ ಮೂಲದ ಸೆಲ್-ಫ್ರೀ ಡಿಎನ್‌ಎ ಪರೀಕ್ಷೆ. ಈ ವಿಮರ್ಶೆ ಮುಖ್ಯವಾಗಿ ಅದರದ್ದು. ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ: ಒಬ್ಬರದೇ ರಕ್ತವನ್ನು ಮತ್ತೆ ಮತ್ತೆ ಅಳೆದು ಏರಿಳಿತ ಗಮನಿಸಲು ಇದು ಬರುತ್ತದೆ, ಒಂದು ಸಲದ ಅಂಕಿ ನೋಡಿ ಬಯಾಪ್ಸಿ ಬೇಡವೆನ್ನಲು ಬರುವುದಿಲ್ಲ.

ಇಂಥದ್ದೊಂದು ಪರೀಕ್ಷೆ ಯಾಕೆ ಬೇಕಾಯಿತು? ಕೈ ಕಸಿ ಪಡೆದವರಲ್ಲಿ ಸುಮಾರು ಶೇ. 85 ಮಂದಿಗೆ ಮೊದಲ ವರ್ಷದಲ್ಲೇ ಒಮ್ಮೆಯಾದರೂ ತೀವ್ರ ರಿಜೆಕ್ಷನ್ ಬರುತ್ತದೆ. ಪ್ರತಿ ಸಲ ಚರ್ಮ ಕತ್ತರಿಸಿದರೆ ಗಾಯದ ಗುರುತು, ಸೋಂಕಿನ ಅಪಾಯ. ಉರಿಯೂತ ಅಲ್ಲಲ್ಲಿ ಮಾತ್ರ ಇರುವುದರಿಂದ ಪಂಚ್ ಇಟ್ಟ ಜಾಗ ತಪ್ಪಾದರೆ ವರದಿಯೂ ತಪ್ಪು. ಅದಕ್ಕಿಂತ ದೊಡ್ಡ ತಲೆನೋವು ದರ್ಜೆ 1. ರಕ್ತನಾಳಗಳ ಸುತ್ತ ಒಂದಷ್ಟು ಲಿಂಫೋಸೈಟ್ (ಒಂದು ಬಗೆಯ ಬಿಳಿರಕ್ತಕಣ) ಸೇರಿಕೊಂಡಿರುವುದು ಕೀಟ ಕಚ್ಚಿದರೂ ಕಾಣುತ್ತದೆ, ಔಷಧದ ಅಲರ್ಜಿಯಲ್ಲೂ ಕಾಣುತ್ತದೆ, ಸಾಬೂನಿನಿಂದಾದ ತುರಿಕೆಯಲ್ಲೂ ಕಾಣುತ್ತದೆ. ರಕ್ತಪರೀಕ್ಷೆ ನೆರವಿಗೆ ಬರಬೇಕಾದದ್ದು ಇಲ್ಲಿ. ಅದು ದುರ್ಬಲವಾಗಿರುವುದೂ ಇಲ್ಲಿಯೇ.

ಕೆಲಸ ಮಾಡುವ ಬಗೆ ಸರಳ. ಸಾಯುವ ಜೀವಕೋಶಗಳು ತಮ್ಮ ಡಿಎನ್‌ಎಯನ್ನು ಸುಮಾರು 166 ಬೇಸ್ ಜೋಡಿ ಉದ್ದದ ತುಣುಕುಗಳಾಗಿ ರಕ್ತಕ್ಕೆ ಬಿಡುತ್ತವೆ. ಈ ತುಣುಕುಗಳ ಅರ್ಧಾಯುಷ್ಯ ಹೆಚ್ಚೆಂದರೆ ಒಂದೆರಡು ಗಂಟೆ, ಹಾಗಾಗಿ ಇವತ್ತಿನ ಅಂಕಿ ಇವತ್ತಿನ ಹಾನಿಯನ್ನೇ ಹೇಳುತ್ತದೆ. ದಾನಿ ಮತ್ತು ಕಸಿ ಪಡೆದವರ ನಡುವೆ ಒಂದಕ್ಷರದಷ್ಟು ವ್ಯತ್ಯಾಸವಿರುವ ತಾಣಗಳನ್ನು ಸೀಕ್ವೆನ್ಸ್ ಮಾಡಿ ಒಟ್ಟು ಡಿಎನ್‌ಎಯಲ್ಲಿ ದಾನಿಯ ಪಾಲೆಷ್ಟು ಎಂದು ಲೆಕ್ಕ ಹಾಕುತ್ತಾರೆ. ಮಾರುಕಟ್ಟೆಯಲ್ಲಿರುವ ಇಂಥ ಎರಡು ಪರೀಕ್ಷೆಗಳಲ್ಲಿ ಅಲೋಶೂರ್ ಮೊದಲಿಗೆ 266 ತಾಣಗಳನ್ನು ನೋಡುತ್ತಿತ್ತು, ಪ್ರಾಸ್ಪೆರಾ 13,000ಕ್ಕೂ ಹೆಚ್ಚು ನೋಡುತ್ತದೆ. ಎರಡಕ್ಕೂ ದಾನಿಯ ರಕ್ತ ಬೇಕಿಲ್ಲ ಎಂಬುದು ದೊಡ್ಡ ಅನುಕೂಲ. ಆದರೆ ಎರಡೂ ಬೆಳೆದು ಬಂದಿದ್ದು ಮೂತ್ರಪಿಂಡ, ಹೃದಯದಂಥ ಅಂಗಗಳಿಗಾಗಿ, ಕೈಗಾಗಿ ಅಲ್ಲ.

ಎಡವುವುದು ಇಲ್ಲಿಂದಲೇ. ವರದಿಯಲ್ಲಿ ಅಚ್ಚಾಗಿ ಬರುವ ಶೇ. 1ರ ಗಡಿ ಮೂತ್ರಪಿಂಡದ್ದು. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಕಿ ಶೇ. 1 ದಾಟಿದಾಗ ಸಕ್ರಿಯ ರಿಜೆಕ್ಷನ್ ಇರುವ ಸಾಧ್ಯತೆ ಶೇ. 61, ಅದಕ್ಕಿಂತ ಕೆಳಗಿದ್ದಾಗ ಇಲ್ಲದಿರುವ ಸಾಧ್ಯತೆ ಶೇ. 84 ಎಂದು ಕಂಡುಬಂತು. ಹೃದಯಕ್ಕೆ ಬಳಸುವ ಗಡಿ ಸುಮಾರು ಶೇ. 0.2. ಅಂಗ ಬದಲಾದರೆ ಗಡಿಯೂ ಹೀಗೆ ಬದಲಾಗುತ್ತದೆ. ಒಂದು ಹಸ್ತ ದೇಹದ ತೂಕದಲ್ಲಿ ಶೇ. 1ಕ್ಕೂ ಕಡಿಮೆ, ಒಂದು ಹಸ್ತ ಕಸಿಯಾದವರಿಗೂ ಎರಡೂ ಕೈ ಮೊಣಕೈ ಮೇಲಿನಿಂದ ಕಸಿಯಾದವರಿಗೂ ಒಂದೇ ಗಡಿ ಹೊಂದುವುದಿಲ್ಲ. ಚರ್ಮದ ಮೇಲ್ಪದರವಾದ ಎಪಿಡರ್ಮಿಸ್‌ನಲ್ಲಿ ರಕ್ತನಾಳಗಳೇ ಇಲ್ಲ ಎಂಬುದನ್ನೂ ಮರೆಯಬಾರದು. ಅಲ್ಲಿ ಸತ್ತ ಕೋಶಗಳು ಬಹುಪಾಲು ಹೊರಗೆ ಉದುರುತ್ತವೆ, ರಕ್ತಕ್ಕೆ ಬೀಳುವುದಿಲ್ಲ. ಹೀಗಾಗಿ ಚರ್ಮದ ಮೇಲ್ಪದರಕ್ಕೆ ಸೀಮಿತವಾದ ರಿಜೆಕ್ಷನ್‌ನಲ್ಲಿ ಅಂಕಿ ಮಿಸುಕಾಡದೇ ಇರಬಹುದು. ಡರ್ಮಿಸ್ (ಚರ್ಮದ ಒಳಪದರ), ಸ್ನಾಯು, ರಕ್ತನಾಳಗಳಿಗೆ ಹಾನಿ ಇಳಿದಾಗ ಏರಿಕೆಯನ್ನು ನಿರೀಕ್ಷಿಸಬಹುದು.

ಇನ್ನೊಂದು ಹಳ್ಳ ಶೇಕಡಾವಾರು ಲೆಕ್ಕದ್ದೇ. ಒಂದು ಮಿ.ಲೀ. ಪ್ಲಾಸ್ಮಾದಲ್ಲಿ ಒಟ್ಟು 1,000 ಪ್ರತಿ ಡಿಎನ್‌ಎ, ಅದರಲ್ಲಿ ದಾನಿಯದು 5 ಎಂದಿಟ್ಟುಕೊಳ್ಳಿ: ಶೇ. 0.5. ಮುಂದಿನ ವಾರ ಸೋಂಕು ತಗುಲಿ ಒಟ್ಟು 4,000ಕ್ಕೆ ಏರಿತು, ದಾನಿಯದು 12ಕ್ಕೆ ಹೋಯಿತು: ಶೇ. 0.3. ಕಸಿಗೆ ಆಗುತ್ತಿರುವ ಹಾನಿ ಎರಡು ಪಟ್ಟಿಗಿಂತ ಹೆಚ್ಚಾಗಿದೆ, ವರದಿ ಮಾತ್ರ ಇಳಿದಿದೆ. ಜ್ವರ, ದೊಡ್ಡ ಗಾಯ, ಕಠಿಣ ವ್ಯಾಯಾಮ ಇವೆಲ್ಲ ಕಸಿ ಪಡೆದವರದೇ ಡಿಎನ್‌ಎಯನ್ನು ಹೆಚ್ಚಿಸುತ್ತವೆ. ಆದ್ದರಿಂದ ಲ್ಯಾಬ್‌ನಿಂದ ಶೇಕಡಾವಾರಿನ ಜೊತೆಗೆ ಮಿ.ಲೀ.ಗೆ ಎಷ್ಟು ಪ್ರತಿ ಎಂಬ ನೇರ ಪ್ರಮಾಣವನ್ನೂ ಕೇಳಿ ಪಡೆಯಿರಿ. ಅದನ್ನು ಕೊಡಲೊಪ್ಪದ ಸೇವೆಯನ್ನು ಕೈ ಕಸಿಗೆ ನಾವು ಶಿಫಾರಸು ಮಾಡುವುದಿಲ್ಲ.

ಮಾದರಿ ತೆಗೆಯುವಲ್ಲಿನ ಸಡಿಲಿಕೆಯೂ ಇದೇ ದಿಕ್ಕಿನಲ್ಲಿ ಮೋಸ ಮಾಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಾಮಾನ್ಯ ಇಡಿಟಿಎ ಟ್ಯೂಬ್‌ನಲ್ಲಿ ರಕ್ತ ಹಾಗೇ ಕೂತರೆ ಬಿಳಿರಕ್ತಕಣಗಳು ಒಡೆದು ಕಸಿ ಪಡೆದವರ ಡಿಎನ್‌ಎ ತುಂಬಿಕೊಳ್ಳುತ್ತದೆ, ದಾನಿಯ ಪಾಲು ಕುಗ್ಗುತ್ತದೆ. ಅಂದರೆ ಸುಳ್ಳು ಗಾಬರಿಯಲ್ಲ, ಸುಳ್ಳು ನೆಮ್ಮದಿ. ಇಡಿಟಿಎ ಬಳಸಿದರೆ ನಾಲ್ಕರಿಂದ ಆರು ಗಂಟೆಯೊಳಗೆ ಪ್ಲಾಸ್ಮಾ ಬೇರ್ಪಡಿಸಬೇಕು: ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಮೊದಲು 1,600 ಜಿ ಬಲದಲ್ಲಿ 10 ನಿಮಿಷ, ಮೇಲಿನ ಪ್ಲಾಸ್ಮಾವನ್ನು ಬೇರೆ ಟ್ಯೂಬ್‌ಗೆ ತೆಗೆದು 16,000 ಜಿಯಲ್ಲಿ ಮತ್ತೆ 10 ನಿಮಿಷ. ದೂರಕ್ಕೆ ಕಳಿಸುವುದಿದ್ದರೆ ಕೋಶಗಳನ್ನು ಒಡೆಯದಂತೆ ಹಿಡಿದಿಡುವ ಸ್ಟ್ರೆಕ್ ಟ್ಯೂಬ್ ಬೇಕು. 10 ಮಿ.ಲೀ. ಗುರುತಿನವರೆಗೆ ತುಂಬಿಸಿ, ಎಂಟು-ಹತ್ತು ಸಲ ಮೆಲ್ಲನೆ ತಲೆಕೆಳಗು ಮಾಡಿ, ಫ್ರೀಜರ್‌ಗೆ ಹಾಕದೆ ಕೋಣೆಯ ತಾಪದಲ್ಲೇ ಇಡಿ. 14 ದಿನ ತಡೆಯುತ್ತದೆ. ಅರ್ಧ ತುಂಬಿದ ಟ್ಯೂಬ್, ಅಲುಗಾಡಿಸದೆ ಬಿಟ್ಟ ಟ್ಯೂಬ್ ಎರಡೂ ವ್ಯರ್ಥ. ತುಣುಕುಗಳ ಉದ್ದದ ನಕ್ಷೆಯಲ್ಲಿ 166ರ ಬಳಿಯ ಶಿಖರದ ಜೊತೆ ಸಾವಿರ ಬೇಸ್ ಜೋಡಿಗೂ ಮೇಲಿನ ಉದ್ದ ತುಣುಕುಗಳು ರಾಶಿ ಬಿದ್ದಿದ್ದರೆ ಕಣಗಳು ಒಡೆದಿವೆ ಎಂದೇ ಅರ್ಥ. ಆ ಫಲಿತಾಂಶ ಬದಿಗಿಟ್ಟು ಹೊಸ ರಕ್ತ ಕಳಿಸಿ.

ಸಮಯದ ವಿಷಯ. ಬಯಾಪ್ಸಿಗೆ ಮುಂಚೆ ರಕ್ತ ತೆಗೆಯಿರಿ. ಪಂಚ್ ಆದ ಮೇಲೆ ತೆಗೆದರೆ ಆ ಗಾಯದ ದಾನಿ ಡಿಎನ್‌ಎಯೂ ಲೆಕ್ಕಕ್ಕೆ ಸೇರುತ್ತದೆ. ಸ್ನಾಯುರಜ್ಜು ಬಿಡಿಸುವ, ಪ್ಲೇಟ್ ತೆಗೆಯುವ ಮರುಶಸ್ತ್ರಚಿಕಿತ್ಸೆಗಳು ಕೈ ಕಸಿಯವರಿಗೆ ಹೊಸದೇನಲ್ಲ. ಅವುಗಳ ಬೆನ್ನಲ್ಲೇ ಬಂದ ಏರಿಕೆಯನ್ನು ರಿಜೆಕ್ಷನ್ ಎಂದು ಓದಬೇಡಿ. ಫಿಸಿಯೋಥೆರಪಿ ಗಂಟೆಗಟ್ಟಲೆ ನಡೆಯುವುದರಿಂದ ಅದಕ್ಕೆ ಮೊದಲೇ, ಬೆಳಿಗ್ಗೆ, ಟ್ಯಾಕ್ರೊಲಿಮಸ್ (ರಿಜೆಕ್ಷನ್ ತಡೆಯುವ ಔಷಧ) ಮಟ್ಟಕ್ಕೆ ರಕ್ತ ತೆಗೆಯುವ ಹೊತ್ತಿಗೇ ಇದನ್ನೂ ತೆಗೆದರೆ ಒಂದೇ ಸೂಜಿಯಲ್ಲಿ ಮುಗಿಯುತ್ತದೆ. ಆದರೆ ಕಸಿಯಾದ ಭಾಗದ ರಕ್ತನಾಳದಿಂದ ತೆಗೆಯಲೇಬಾರದು. ಇತ್ತೀಚೆಗೆ ರಕ್ತ ಹಾಕಿಸಿಕೊಂಡವರು, ಗರ್ಭಿಣಿಯರು, ಬೇರೊಂದು ಅಂಗವನ್ನೋ ಅಸ್ಥಿಮಜ್ಜೆಯನ್ನೋ ಕಸಿ ಮಾಡಿಸಿಕೊಂಡವರು: ಇವರಲ್ಲಿ ಮೂರನೆಯವರ ಡಿಎನ್‌ಎ ಬೆರೆಯುವುದರಿಂದ ಅಂಕಿಗೆ ಬೆಲೆಯಿಲ್ಲ. ಒಬ್ಬರೇ ದಾನಿಯ ಎರಡು ಕೈಗಳಿದ್ದಾಗ ತೊಂದರೆ ಎಡದಲ್ಲೋ ಬಲದಲ್ಲೋ ಎಂದು ಈ ಪರೀಕ್ಷೆ ಹೇಳಲಾರದು.

ಹೋಲಿಕೆಗೆ ಉಳಿದವು. ದಾನಿಯ ವಿರುದ್ಧದ ಪ್ರತಿಕಾಯಗಳನ್ನು ಸಿಂಗಲ್ ಆಂಟಿಜನ್ ಬೀಡ್‌ಗಳಿಂದ ಅಳೆಯುವ ಪರೀಕ್ಷೆ ಮಾಡಿಸಲೇಬೇಕಾದದ್ದು. ಆದರೆ ಕೈಯ ತೀವ್ರ ರಿಜೆಕ್ಷನ್ ಬಹುಮಟ್ಟಿಗೆ ಟಿ-ಕೋಶಗಳ ಕೆಲಸ, ಪ್ರತಿಕಾಯವಿಲ್ಲದೆಯೂ ಬರುತ್ತದೆ. ಪ್ರತಿಕಾಯ ತೀರಾ ಹೆಚ್ಚಿದ್ದಾಗ ಅಂಕಿ ಕಡಿಮೆ ಬರುವ ಪ್ರೋಜೋನ್ ಸಮಸ್ಯೆಯೂ ಇದೆ. ಸೀರಮ್ ತೆಳುಗೊಳಿಸಿ ಅಥವಾ ಇಡಿಟಿಎ ಸೇರಿಸಿ ಮತ್ತೊಮ್ಮೆ ಓದಿಸಬೇಕು. ರೋಗನಿರೋಧಕ ಸಾಮರ್ಥ್ಯ ಅಳೆಯುವ ಪರೀಕ್ಷೆಗಳಲ್ಲಿ ಹಳೆಯದಾದ ಇಮ್ಯುನೋ (ImmuKnow), ಕೋಶಗಳ ಇಂಧನವಾದ ಎಟಿಪಿ ಮಿ.ಲೀ.ಗೆ 225 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಮಂದ, 525ಕ್ಕಿಂತ ಹೆಚ್ಚಿದ್ದರೆ ಚುರುಕು ಎಂದು ಓದುತ್ತದೆ. ಅದು ಸಿಡಿ4 ಎಂಬ ಟಿ-ಕೋಶಗಳ ಒಟ್ಟಾರೆ ಚುರುಕನ್ನು ಹೇಳುತ್ತದೆಯೇ ಹೊರತು ದಾನಿಯ ಕೈ ಮೇಲಿನ ಸಿಟ್ಟನ್ನಲ್ಲ. ಎಂಎಂಪಿ3 ಪ್ರೋಟೀನ್ ಬಗ್ಗೆ ಕುತೂಹಲ ಇಟ್ಟುಕೊಳ್ಳಬಹುದು: 2018ರಲ್ಲಿ ಮುಖ ಕಸಿಯವರಲ್ಲಿ ಅದರ ಏರಿಕೆ ತೀವ್ರ ದರ್ಜೆಯ ರಿಜೆಕ್ಷನ್‌ಗೆ ತಾಳೆಯಾಯಿತು. ಸೌಮ್ಯ ದರ್ಜೆಯ ಗೋಜಲನ್ನು ಅದೂ ಬಿಡಿಸಲಿಲ್ಲ. ಉರಿಯೂತ ಸೂಚಿಸುವ ಸಿಆರ್‌ಪಿ ಎಲ್ಲದಕ್ಕೂ ಏರುತ್ತದೆ, ರಿಜೆಕ್ಷನ್ ಪತ್ತೆಗೆ ಉಪಯೋಗವಿಲ್ಲ.

ಬೇಸರ ಹುಟ್ಟಿಸುವಷ್ಟು ಹಳೆಯದಾದ ಟ್ಯಾಕ್ರೊಲಿಮಸ್ ಮಟ್ಟವೇ ಈ ಸಾಲಿನಲ್ಲಿ ಹೆಚ್ಚು ಕೆಲಸಕ್ಕೆ ಬರುವ ಅಂಕಿ ಎಂಬುದು ನಮ್ಮ ಅಭಿಪ್ರಾಯ. ಕೊನೆಯ ಮಾತ್ರೆಯಾಗಿ 12 ಗಂಟೆಗೆ, ಮುಂದಿನ ಮಾತ್ರೆಗೆ ಮುನ್ನ ರಕ್ತ ತೆಗೆಯಬೇಕು. ಪ್ರತಿಕಾಯ ಬಳಸಿ ಅಳೆಯುವ ಇಮ್ಯುನೋಅಸ್ಸೇ ಯಂತ್ರ ಔಷಧದ ಉಪೋತ್ಪನ್ನಗಳನ್ನೂ ಎಣಿಸುವುದರಿಂದ ಮಾಸ್ ಸ್ಪೆಕ್ಟ್ರೋಮೆಟ್ರಿಗಿಂತ ಹೆಚ್ಚು ತೋರಿಸುತ್ತದೆ. ಲ್ಯಾಬ್ ಬದಲಿಸಿದರೆ ಏರಿಳಿತಕ್ಕೆ ಅರ್ಥವೇ ಉಳಿಯುವುದಿಲ್ಲ. ಮಟ್ಟ ಕುಸಿದಿದ್ದು, ಕೈಯಲ್ಲಿ ಕೆಂಪು ಗುಳ್ಳೆ ಎದ್ದಿದ್ದರೆ ಡಿಎನ್‌ಎ ವರದಿಗೆ ದಿನಗಟ್ಟಲೆ ಕಾಯುವುದು ತಪ್ಪು. ಅವತ್ತೇ ಬಯಾಪ್ಸಿ ಆಗಬೇಕು.

ಡಿಎನ್‌ಎ ಪರೀಕ್ಷೆ ಕೊಳ್ಳುವವರು ಚರ್ಮ ಶಾಂತವಾಗಿದ್ದು ಬಯಾಪ್ಸಿಯೂ ದರ್ಜೆ 0 ಬಂದಿರುವಾಗ ಕೆಲವು ಮಾದರಿ ಕೊಟ್ಟು ತಮ್ಮದೇ ತಳಮಟ್ಟ ಕಟ್ಟಿಕೊಳ್ಳಲಿ. ಶಸ್ತ್ರಚಿಕಿತ್ಸೆಯ ಬೆನ್ನಿಗೆ ಬರುವ ಎತ್ತರದ ಅಂಕಿಗಳನ್ನು ಇದಕ್ಕೆ ಸೇರಿಸಬಾರದು. ಆಮೇಲಿನ ಏರಿಕೆಯನ್ನು ಈ ತಳಮಟ್ಟಕ್ಕೆ ಹೋಲಿಸಿ, ಅಚ್ಚಾದ ಶೇ. 1ಕ್ಕಲ್ಲ. ರಕ್ತನಾಳದ ಒಳಗೋಡೆ ದಪ್ಪವಾಗುತ್ತ ಹೋಗುವ ದೀರ್ಘಕಾಲಿಕ ರಿಜೆಕ್ಷನ್‌ಗೆ ಈ ಯಾವ ಟ್ಯೂಬನ್ನೂ ನೆಚ್ಚಿಕೊಳ್ಳುವಂತಿಲ್ಲ. ಅಮೆರಿಕದ ಲೂಯಿವಿಲ್ ತಂಡದ ನಾಲ್ಕನೇ ರೋಗಿ ಸುಮಾರು ಒಂಬತ್ತು ತಿಂಗಳಲ್ಲಿ ಕಸಿ ಕೈ ಕಳೆದುಕೊಂಡದ್ದು ಹೀಗೆಯೇ, ಚರ್ಮ ದೊಡ್ಡ ಸುಳಿವೇನೂ ಕೊಡದೆ. ಅದಕ್ಕೆ ಅಧಿಕ ಆವರ್ತನದ ಅಲ್ಟ್ರಾಸೌಂಡ್‌ನಿಂದ ನಾಳದ ಗೋಡೆಯ ದಪ್ಪವನ್ನು ಆಗಾಗ ಅಳೆಸುತ್ತಿರಬೇಕು.