ಜನಜಂಗುಳಿ ಇಲ್ಲದ ಕಡಲು: ಬೆಳಗಿನ ಜಾವವೋ, ವಾರದ ದಿನವೋ, ಹೆಸರಿಲ್ಲದ ಬೀಚೋ?

ಕೊರೊನಾ ಕಾಲದಲ್ಲಿ ಕಡಲಿಗೆ ಹೊರಟವರಿಗೆ ಎಲ್ಲರೂ ಕೊಡುತ್ತಿದ್ದ ಸಲಹೆ ಹೆಚ್ಚುಕಮ್ಮಿ ನಾಲ್ಕೇ. ಬೆಳಗಿನ ಜಾವ ಹೋಗಿ. ಶನಿವಾರ, ಭಾನುವಾರ ಬಿಟ್ಟು ವಾರದ ದಿನ ಹೋಗಿ. ಹೆಸರಾದ ಬೀಚ್ ಬೇಡ, ಅದರ ಪಕ್ಕದ್ದಕ್ಕೆ ಹೋಗಿ. ಸೀಸನ್ ಮುಗಿದ ಮೇಲೆ ಹೋಗಿ. ಲಾಕ್‌ಡೌನ್ ಸಡಿಲವಾದಾಗಲೆಲ್ಲ ನಮ್ಮ ಮನೆಯವರು ಇವನ್ನು ಒಂದೊಂದಾಗಿ ಮಾಡಿ ನೋಡಿದೆವು. ನಮ್ಮ ಜೊತೆ ವಯಸ್ಸಾದ ಅಮ್ಮ ಇರುತ್ತಾರೆ. ಅವರನ್ನು ಬಿಟ್ಟು ಹೋಗುವ ಮಾತೇ ಇರಲಿಲ್ಲ. ತಿಂಗಳುಗಟ್ಟಲೆ ನಾಲ್ಕು ಗೋಡೆ ನೋಡಿಕೊಂಡು ಕೂತವರಿಗೆ ಕಡಲು ಕಾಣಬೇಕು, ಆದರೆ ಸೋಂಕು ಹತ್ತಿರ ಬರಬಾರದು. ಈ ನಾಲ್ಕರಲ್ಲಿ ನಿಜಕ್ಕೂ ಕೆಲಸಕ್ಕೆ ಬಂದದ್ದು ಯಾವುದು ಅಂತ ಹೇಳುತ್ತೇನೆ.

ಅದಕ್ಕೂ ಮೊದಲು ಒಂದು ವಿಷಯ. ಜನಜಂಗುಳಿ ಅಂದ ತಕ್ಷಣ ನಾವು ಮರಳಿನ ಕಡೆ ನೋಡುತ್ತೇವೆ. ಆದರೆ ಜನ ಒತ್ತೊತ್ತಾಗಿ ನಿಲ್ಲುವುದು ಮರಳಿನ ಮೇಲಲ್ಲ. ಪಾರ್ಕಿಂಗ್‌ನಲ್ಲಿ, ಬೀಚಿಗೆ ಇಳಿಯುವ ಮೆಟ್ಟಿಲಲ್ಲಿ, ಟಾಯ್ಲೆಟ್ ಮುಂದಿನ ಕ್ಯೂನಲ್ಲಿ, ತಿಂಡಿ ಅಂಗಡಿಯೊಳಗೆ. 2020ರ ಜೂನ್ 25ರಂದು ಇಂಗ್ಲೆಂಡಿನ ಬೋರ್ನ್‌ಮತ್ ಕಡಲತೀರಕ್ಕೆ ಜನ ನುಗ್ಗಿದಾಗ ಪರಿಸ್ಥಿತಿ ಕೈಮೀರಿ, ಅಲ್ಲಿನ ಆಡಳಿತ ತುರ್ತು ಕ್ರಮ ಘೋಷಿಸಬೇಕಾಯಿತು. ರಸ್ತೆಗಳು ಕಟ್ಟಿಕೊಂಡಿದ್ದವು. ಸಿಕ್ಕಸಿಕ್ಕ ಕಡೆ ಕಾರು ನಿಂತಿದ್ದವು. ಆ ಮರಳಿನ ಫೋಟೋ ನೋಡಿ ಎಲ್ಲರೂ ಬೈದರು. ಆದರೆ 2021ರ ಫೆಬ್ರವರಿಯಲ್ಲಿ ಎಡಿನ್‌ಬರ್ಗ್ ವಿಶ್ವವಿದ್ಯಾಲಯದ ಸೋಂಕುರೋಗ ತಜ್ಞ ಮಾರ್ಕ್ ವುಲ್‌ಹೌಸ್ ಬ್ರಿಟನ್ ಸಂಸತ್ತಿನ ಸಮಿತಿಯ ಮುಂದೆ ಬೇರೆಯದನ್ನೇ ಹೇಳಿದರು. ತಮಗೆ ತಿಳಿದ ಮಟ್ಟಿಗೆ, ಬೀಚಿನಿಂದ ಸೋಂಕು ಹಬ್ಬಿದ ಉದಾಹರಣೆ ಜಗತ್ತಿನಲ್ಲಿ ಎಲ್ಲೂ ಇಲ್ಲ ಅಂತ. ಬಯಲಿನಲ್ಲಿ ಗಾಳಿ ಆಡುತ್ತದೆ, ಉಸಿರಿನ ಹನಿಗಳು ಚದುರಿಹೋಗುತ್ತವೆ. ಮುಚ್ಚಿದ ಜಾಗದಲ್ಲಿ ಹಾಗಾಗುವುದಿಲ್ಲ. ಹಾಗಾಗಿ ನಾವು ಕೇಳಿಕೊಂಡದ್ದು ಒಂದೇ ಪ್ರಶ್ನೆ. ಕಾರಿನಿಂದ ಮರಳಿನವರೆಗೆ ಹೋಗಿ ಬರುವಷ್ಟರಲ್ಲಿ ಎಷ್ಟು ಜನರಿಗೆ ತೀರಾ ಹತ್ತಿರವಾಗಬೇಕಾಗುತ್ತದೆ?

ಹೀಗೆ ಕೇಳಿದರೆ ಎಲ್ಲರೂ ಹೊಗಳುವ ‘ಯಾರಿಗೂ ಗೊತ್ತಿಲ್ಲದ ಬೀಚ್’ ಕೊನೆಗೆ ಹೋಗಿಬಿಡುತ್ತದೆ. ಫೋಟೋದಲ್ಲಿ ಅದು ಖಾಲಿ ಇರುತ್ತದೆ, ನಿಜ. ಆದರೆ ಇಳಿಯಲು ಒಂದೇ ಕಿರಿದಾದ ದಾರಿ. ಎದುರಿನಿಂದ ಯಾರಾದರೂ ಹತ್ತಿ ಬಂದರೆ ಭುಜಕ್ಕೆ ಭುಜ ತಾಗಿಸಿಯೇ ಹೋಗಬೇಕು. ಉದ್ದನೆಯ ಬೀಚಿಗೆ ಸಾವಿರ ಜನ ಬಂದರೂ ಹರಡಿಕೊಳ್ಳುತ್ತಾರೆ. ಬಂಡೆಗಳ ನಡುವಿನ ಪುಟ್ಟ ಜಾಗಕ್ಕೆ ಐವತ್ತು ಜನ ಬಂದರೆ ತುಂಬಿತು. ಅದೂ ಅಲ್ಲದೆ ಈ ಸಲಹೆ ನಮಗೊಬ್ಬರಿಗೇ ಸಿಕ್ಕಿರುವುದಿಲ್ಲ ಅಲ್ವಾ? ಮೊಬೈಲ್‌ನಲ್ಲಿ ನಾವು ನೋಡಿದ್ದನ್ನೇ ಉಳಿದವರೂ ನೋಡಿ ಬಂದಿರುತ್ತಾರೆ.

ಇನ್ನೂ ದೊಡ್ಡ ತೊಂದರೆ ನೀರಿನದು. ಇಂಥ ಕಡೆ ಲೈಫ್‌ಗಾರ್ಡ್‌ಗಳು ಇರುವುದು ಅಪರೂಪ. ದಡದಿಂದ ಕಡಲಿನ ಕಡೆಗೆ ಎಳೆದುಕೊಂಡು ಹೋಗುವ ಸೆಳೆತ ಎಲ್ಲಿದೆ ಅಂತ ಹೇಳುವವರು ಯಾರೂ ಇಲ್ಲ. ಅದಕ್ಕೆ ಸಿಕ್ಕಿದರೆ ನೇರವಾಗಿ ದಡಕ್ಕೆ ಈಜಲು ಹೋಗಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡದ ಕಡೆ ತಿರುಗಬೇಕು. ಮಕ್ಕಳಿದ್ದರೆ ಇದನ್ನು ಹೋಗುವ ಮೊದಲೇ ಹೇಳಿಕೊಡಿ. ಇನ್ನು ಆ ಊರಿನವರ ಪಾಡು. ನಾವು ಹೋದ ಒಂದು ಪುಟ್ಟ ಹಳ್ಳಿಯಲ್ಲಿ ನಮ್ಮನ್ನು ಕಂಡು ಕೆಲವರು ಬಾಗಿಲು ಮುಚ್ಚಿಕೊಂಡರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಸಂಕಟವಾಯಿತು. ಆಸ್ಪತ್ರೆ ದೂರ ಇರುವ ಊರಿಗೆ ಸೋಂಕು ಹೊರಗಿನಿಂದಲೇ ಬರಬೇಕು. ಅವರ ಭಯ ನ್ಯಾಯವಾದದ್ದು. ನಮ್ಮ ಜಾಗ್ರತೆಗೋಸ್ಕರ ಅವರನ್ನು ಅಪಾಯಕ್ಕೆ ಒಡ್ಡುವುದು ಸರಿಯಲ್ಲ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ವಾರದ ದಿನದ ಉಪಾಯ ಮೊದಲು ಚೆನ್ನಾಗಿ ನಡೆಯುತ್ತಿತ್ತು. ಕೊರೊನಾ ಅದರ ಅರ್ಧ ಬಲ ಕಿತ್ತುಕೊಂಡಿತು. ಶಾಲೆ ಮುಚ್ಚಿತ್ತು, ಆಫೀಸು ಮನೆಗೇ ಬಂದಿತ್ತು, ಹಾಗಾಗಿ ಗುರುವಾರವೇ ಹೊರಟು ಕಡಲ ಪಕ್ಕ ರೂಮ್ ಹಿಡಿದು ಅಲ್ಲಿಂದಲೇ ಕೆಲಸ ಮಾಡುವವರು ಜಾಸ್ತಿಯಾದರು. ಮಂಗಳವಾರ, ಬುಧವಾರ ಮಾತ್ರ ಸ್ವಲ್ಪ ಹಗುರವಾಗಿರುತ್ತಿತ್ತು. ಆ ದಿನಗಳಲ್ಲೂ ಸಂಜೆ ಐದರ ಹೊತ್ತಿಗೆ ಪಾರ್ಕಿಂಗ್ ತುಂಬಿಯೇ ಇರುತ್ತಿತ್ತು.

ಸೀಸನ್ ಮುಗಿದ ಮೇಲಿನ ಕಡಲು ನೋಡಲು ನನಗೆ ತುಂಬ ಇಷ್ಟ. ಅಲೆ ಎತ್ತರ, ಗಾಳಿ ಜೋರು, ಉದ್ದಕ್ಕೂ ನಡೆಯಬಹುದು. ಆದರೆ ನೀರಿಗೆ ಇಳಿಯುವ ಹಾಗಿಲ್ಲ. ಮಳೆ ಬಂದರೆ ಅಥವಾ ಚಳಿ ಹೆಚ್ಚಾದರೆ ಇರುವ ಅಷ್ಟೂ ಜನ ತೆರೆದಿರುವ ಒಂದೆರಡು ಹೋಟೆಲಿನೊಳಗೆ ಸೇರಿ ಕಿಟಕಿ ಹಾಕಿಕೊಳ್ಳುತ್ತಾರೆ. ನಾವು ತಪ್ಪಿಸಿಕೊಳ್ಳಬೇಕಾದದ್ದೇ ಅಂಥ ಕೋಣೆಯಿಂದ. ಹೀಗೆ ಹೋಗುವುದಾದರೆ ಊಟ ಮನೆಯಿಂದ ಕಟ್ಟಿಕೊಂಡು ಹೋಗಿ, ಮಳೆ ಬಂದರೆ ಕಾರಿನಲ್ಲೇ ಕೂತು ತಿನ್ನಿ.

ಇನ್ನು ಬೆಳಗಿನ ಜಾವ. ನಮ್ಮ ಪಾಲಿಗೆ ಗೆದ್ದದ್ದು ಇದೇ, ಅದೂ ಹೆಸರಾದ, ದೊಡ್ಡ ಬೀಚಿನಲ್ಲಿ. ದೊಡ್ಡ ಬೀಚಿಗೆ ಅಗಲವಾದ ದಾರಿಗಳಿರುತ್ತವೆ, ಇಳಿಯಲು ಹಲವು ಕಡೆ ಜಾಗವಿರುತ್ತದೆ, ಟಾಯ್ಲೆಟ್ ಒಂದಕ್ಕಿಂತ ಹೆಚ್ಚು ಇರುತ್ತದೆ. ಬೆಳಿಗ್ಗೆ ಆರಕ್ಕೆ ಇದೆಲ್ಲ ಖಾಲಿ. ಆದರೆ ಸುಮ್ನೆ ಬೇಗ ಎದ್ದರೆ ಸಾಲದು, ಎರಡು ವಿಷಯ ನೋಡಿಕೊಳ್ಳಬೇಕು.

ಒಂದು, ಕಡಲು ಯಾವ ದಿಕ್ಕಿಗಿದೆ ಅನ್ನುವುದು. ಪಶ್ಚಿಮಕ್ಕೆ ಮುಖ ಮಾಡಿದ ತೀರಕ್ಕೆ ಜನ ಸೂರ್ಯಾಸ್ತಕ್ಕೆ ಬರುತ್ತಾರೆ, ಬೆಳಿಗ್ಗೆ ನಡೆಯುವವರು ಬಿಟ್ಟರೆ ಯಾರೂ ಇರುವುದಿಲ್ಲ. ಪೂರ್ವದ ತೀರದಲ್ಲಿ ಸೂರ್ಯೋದಯಕ್ಕೇ ಗುಂಪು ಸೇರಿರುತ್ತದೆ. ಅಲ್ಲಿ ಆ ಗುಂಪು ಕರಗಿದ ಮೇಲೆ, ಬಿಸಿಲು ಏರುವ ಮೊದಲು ಇರುವ ಸಣ್ಣ ಬಿಡುವನ್ನು ಹಿಡಿಯಬೇಕು.

ಇನ್ನೊಂದು ಉಬ್ಬರ, ಇಳಿತ. ಇದನ್ನು ಯಾರೂ ಹೇಳುವುದಿಲ್ಲ, ನಮಗೆ ಅತಿ ಹೆಚ್ಚು ಉಪಯೋಗವಾದದ್ದು ಇದೇ. ಉಬ್ಬರ ಬಂದಾಗ ಮರಳು ಕಿರಿದಾಗುತ್ತದೆ, ಅಷ್ಟೇ ಜನ ಅರ್ಧ ಜಾಗಕ್ಕೆ ಸರಿಯುತ್ತಾರೆ. ಹೆಚ್ಚಿನ ಕಡಲುಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಬೆಳಿಗ್ಗೆ ಆರಕ್ಕೆ ಇಳಿತ ಇದ್ದರೆ, ಒಂದು ವಾರ ಕಳೆದು ಅದೇ ಹೊತ್ತಿಗೆ ಹೆಚ್ಚುಕಮ್ಮಿ ಉಬ್ಬರ ಇರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಇನ್ನೂ ಮೇಲೆ ಏರುತ್ತದೆ, ಇಳಿತದಲ್ಲಿ ನೀರು ಇನ್ನೂ ದೂರ ಹೋಗುತ್ತದೆ. ಮೆಡಿಟರೇನಿಯನ್‌ನಂಥ ಕಡಲಲ್ಲಿ ಈ ಏರಿಳಿತ ತೀರಾ ಕಡಿಮೆ, ಅಲ್ಲಿ ಈ ಲೆಕ್ಕ ಬೇಕಿಲ್ಲ. ಉಳಿದ ಕಡೆ ಹೋಗುವ ದಿನ ಗೊತ್ತುಮಾಡುವ ಮೊದಲು ಉಬ್ಬರದ ಪಟ್ಟಿ ನೋಡಿ. ಇಳಿತದ ಬೆಳಗಿನಲ್ಲಿ ಅಮ್ಮ ಮಾಸ್ಕ್ ಕೆಳಗಿಳಿಸಿ ನಿರಾಳವಾಗಿ ನಡೆದಾಡಿದರು, ನಾವು ಅವರ ಹಿಂದೆ ಕಾವಲು ಕಾಯಬೇಕಾಗಲಿಲ್ಲ.

ಇದರಲ್ಲೂ ಒಂದು ಕೊರತೆ ಇದೆ. ಅಷ್ಟು ಬೇಗ ಲೈಫ್‌ಗಾರ್ಡ್‌ಗಳ ಕೆಲಸ ಶುರುವಾಗಿರುವುದಿಲ್ಲ. ಮೊಣಕಾಲು ಮುಳುಗುವಷ್ಟು ನೀರಿಗಿಂತ ಮುಂದೆ ಹೋಗಬಾರದು ಅಂತ ಮನೆಯಲ್ಲೇ ಮಾತಾಡಿಕೊಂಡು ಹೊರಡುವುದು ಒಳ್ಳೆಯದು.

ಬೇಗ ಏಳಲು ಆಗದವರಿಗೆ ಆಗ ಬುಕ್ಕಿಂಗ್ ಇದ್ದ ಬೀಚ್ ಎರಡನೇ ಆಯ್ಕೆಯಾಗಿತ್ತು. 2020ರಲ್ಲಿ ಫ್ರಾನ್ಸಿನ ಲಾ ಗ್ರಾಂದ್ ಮೋತ್, ಸ್ಪೇನಿನ ಬೆನಿಡಾರ್ಮ್‌ನಲ್ಲಿ ಮರಳಿನ ಮೇಲೆ ಹಗ್ಗದಿಂದ ಚೌಕ ಕಟ್ಟಿ, ಮೊದಲೇ ಜಾಗ ಕಾದಿರಿಸುವ ವ್ಯವಸ್ಥೆ ಮಾಡಿದ್ದರು. ನಾವು ಇಂಥದ್ದನ್ನು ಒಂದು ಕಡೆ ನೋಡಿದೆವು. ಮರಳಿನ ಮೇಲೆ ಬೇಕಾದಷ್ಟು ಅಂತರ ಸಿಕ್ಕಿತು. ಗೇಟಿನ ಮುಂದೆ ಮಾತ್ರ ಎಲ್ಲರೂ ಒಂದೇ ಗಂಟೆಗೆ ಬಂದು ನಿಂತಿದ್ದರು. ಬುಕ್ ಮಾಡಿದ ಸಮಯಕ್ಕಿಂತ ಇಪ್ಪತ್ತು ನಿಮಿಷ ತಡವಾಗಿ ಹೋದರೆ ಆ ಕ್ಯೂ ಕರಗಿರುತ್ತದೆ. ನಿಮ್ಮ ಜಾಗ ಹೇಗೂ ನಿಮ್ಮದೇ.

ಬೆಳಿಗ್ಗೆ ಹೋದವರಿಗೆ ಹೊರಡುವ ಹೊತ್ತೂ ಅಷ್ಟೇ ಮುಖ್ಯ. ಒಂಬತ್ತು ದಾಟಿದರೆ ಬರುವವರ ಸಾಲು ಅದೇ ಮೆಟ್ಟಿಲಲ್ಲಿ ಎದುರಾಗುತ್ತದೆ. ನಾವು ಎಂಟೂವರೆಗೇ ಚಾಪೆ ಮಡಚುತ್ತೇವೆ, ಮಕ್ಕಳು ಎಷ್ಟೇ ಗೋಗರೆದರೂ.